ಇನ್ನೂರ ನಲವತ್ತು ಮೀಟರ್

ಕೊಗ್ಗನ ಎಡ ಭುಜದಲ್ಲಿ ಒಂದು ತಗ್ಗು ಇದೆ. ಹದಿನಾರು ವರ್ಷ ಸರ್ವೆಯ ಟ್ರೈಪಾಡ್ ಹೊತ್ತು ಆದ ತಗ್ಗು. ಒಮಾನಿನ ಇಬ್ರಿಯಿಂದ ಆಚೆ, ಸೌದಿ ಗಡಿಯ ಮರಳಿನಲ್ಲಿ ರಸ್ತೆ ಬರುವ ಮೊದಲೇ ಆ ರಸ್ತೆಗೆ ಗೆರೆ ಹಾಕಿದವರಲ್ಲಿ ಅವನೂ ಒಬ್ಬ. ಏಳು ತಿಂಗಳು ತಗಡಿನ ಕ್ಯಾಬಿನ್ನಿನಲ್ಲಿ ಮಲಗಿದ. ಕಾದ ನೀರು ಕುಡಿದ. ತುಟಿ ಒಡೆದು ರಕ್ತ ಬಂದರೂ ಗೂಟ ಹೊಡೆದ. ಇವತ್ತು ಅದೇ ರಸ್ತೆಯಲ್ಲಿ ಎಸಿ ಹಾಕಿಕೊಂಡು ಹೋಗುವ ನಮ್ಮ ಜನ ಕಿಟಕಿಯಾಚೆ ನೋಡಿ, ಇಲ್ಲಿ ಏನೂ ಇಲ್ಲವಲ್ಲ ಎನ್ನುತ್ತಾರೆ.

ಅವನ ವೀಸಾದಲ್ಲಿ ಇವತ್ತಿಗೂ 'ಹೆಲ್ಪರ್' ಎಂದೇ ಇದೆ. ಅಳೆಯುವವನು ಕೊಗ್ಗ. ನಕ್ಷೆ ಬರೆಯುವವನು ಕೊಗ್ಗ. ಸಹಿ ಹಾಕುವವರು ಮಾತ್ರ ಮಸ್ಕತ್ತಿನ ಅಲ್ ಖುವೈರಿನ ಆಫೀಸಿನಲ್ಲಿ ಕೂತ ಎಂಜಿನಿಯರುಗಳು. ಅವರಲ್ಲಿ ಅರ್ಧ ಜನಕ್ಕೆ ಟ್ರೈಪಾಡಿನ ಮೂರು ಕಾಲನ್ನು ಮಟ್ಟವಾಗಿ ನಿಲ್ಲಿಸಲು ಬರುವುದಿಲ್ಲ. ಸಂಬಳದ ದಿನ ಮಾತ್ರ ಎಲ್ಲರೂ ಮಟ್ಟವಾಗಿ ನಿಲ್ಲುತ್ತಾರೆ.

ಕೊಗ್ಗ ಉಡುಪಿ ಕಡೆಯ ಕೊರಗರವನು. ಅಪ್ಪ ಊರಿನ ಕಂಬಳಕ್ಕೆ ಡೋಲು ಬಡಿಯುತ್ತಿದ್ದ. ಬಡಿಯುವ ಆಸೆ ಇದ್ದು ಬಡಿದದ್ದಲ್ಲ, ಬಡಿಯದಿದ್ದರೆ ಊರಿನವರು ಸುಮ್ಮನೆ ಬಿಡುತ್ತಿರಲಿಲ್ಲ. ದೊಡ್ಡ ಮನೆಗಳಲ್ಲಿ ಊಟವಾದ ಮೇಲೆ ಹಿತ್ತಿಲಿಗೆ ಎಸೆದ ಬಾಳೆಎಲೆಗಳಿಂದ ಅಮ್ಮ ಅನ್ನ ಬಳಿದು ತರುತ್ತಿದ್ದಳು. ಕೊಗ್ಗ ಅದನ್ನು ತಿಂದಿದ್ದಾನೆ. ಹಸಿವಿತ್ತು, ತಿಂದ. ಹತ್ತನೇ ವಯಸ್ಸಿನಲ್ಲಿ ಒಂದು ದಿನ ಆ ಅನ್ನದಲ್ಲಿ ಹೋಳಿಗೆಯ ಚೂರು ಸಿಕ್ಕಿತು. ಅದರ ಅಂಚಿನಲ್ಲಿ ಯಾರದ್ದೋ ಹಲ್ಲಿನ ಗುರುತು ಹಾಗೇ ಇತ್ತು. ಅವತ್ತು ವಾಂತಿ ಮಾಡಿಕೊಂಡ. ಮತ್ತೆ ಅದನ್ನು ಮುಟ್ಟಲಿಲ್ಲ. ಅಮ್ಮ ಹೊಡೆದರೂ ಮುಟ್ಟಲಿಲ್ಲ.

ಅವರದ್ದು ಎಂದು ಹೇಳಿಕೊಳ್ಳಲು ಒಂದು ಸೆಂಟ್ಸು ಜಾಗ ಇರಲಿಲ್ಲ. ತಾಲೂಕು ಆಫೀಸಿನವರು ಗುಡ್ಡ ಅಳೆಯಲು ಬಂದಾಗ ಮುಳ್ಳಿನಲ್ಲಿ ನುಗ್ಗಿ ಚೈನು ಎಳೆಯಲು ಕೊರಗರೇ ಬೇಕಿತ್ತು. ಅಳೆದ ಜಾಗ ಹೋದದ್ದು ಬೇರೆಯವರಿಗೆ. ಹಾಗೆ ಚೈನು ಎಳೆಯುತ್ತ ಎಳೆಯುತ್ತಲೇ ಕೊಗ್ಗ ಅಳತೆ ಕಲಿತ. ಅದನ್ನೇ ಹಿಡಿದುಕೊಂಡು ಒಮಾನಿಗೆ ಬಂದ.

ಈಗ ಚಲುವರಾಜುವಿನ ವಿಷಯಕ್ಕೆ ಬರೋಣ. ಮೈಸೂರು ಕಡೆಯವನು. ಇವತ್ತು ಕೊಗ್ಗನ ಸರ್ವೆ ಕಂಪನಿಯ ಜನರಲ್ ಮ್ಯಾನೇಜರು. ಅಲ್ಲಿಯ ಕನ್ನಡದವರ ಒಂದು ಕೂಟಕ್ಕೆ ಅಧ್ಯಕ್ಷ ಬೇರೆ. ನವೆಂಬರಿನಲ್ಲಿ ಶಾಲು ಹೊದ್ದು, ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಮೈಕಿನಲ್ಲಿ ಗಂಟಲು ಹರಿದುಕೊಳ್ಳುತ್ತಾನೆ. ಎರಡು ಸಾವಿರದ ಹತ್ತರಲ್ಲಿ ಅವನು ಬರೀ ಸೈಟ್ ಎಂಜಿನಿಯರು, ಕೊಗ್ಗ ಅವನ ಕೈಕೆಳಗೆ ಗೂಟ ಹೊಡೆಯುವವನು.

ಆ ವರ್ಷ ರುಸ್ತಾಕಿನ ಹಮೂದ್ ಎಂಬ ಮುದುಕನಿಗೆ ಸರ್ಕಾರ ಊರಾಚೆ ಬೆಟ್ಟದ ಬುಡದಲ್ಲಿ ಒಂದು ತುಂಡು ಜಾಗ ಕೊಟ್ಟಿತ್ತು. ಮುದುಕ ಜಾಗವನ್ನು ಕಂಡಿರಲಿಲ್ಲ, ಕಾಗದ ಮಾತ್ರ ಕಂಡಿದ್ದ. ಒಮಾನಿನಲ್ಲಿ ಆ ಕಾಗದಕ್ಕೆ ಕ್ರೂಕಿ ಎನ್ನುತ್ತಾರೆ. ಜಾಗದ ನಾಲ್ಕು ಮೂಲೆಯ ಅಂಕಿಗಳು ಅದರಲ್ಲಿರುತ್ತವೆ. ಆ ಮೂಲೆಗಳನ್ನು ನೆಲದ ಮೇಲೆ ತೋರಿಸಿಕೊಡುವ ಕೆಲಸ ಕಂಪನಿಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ನಕ್ಷೆಗಳ ಅಂಕಿಗಳು ಒಂದು ಲೆಕ್ಕದವು, ಹೊಸ ಸ್ಯಾಟಲೈಟ್ ಮೆಷಿನಿನ ಅಂಕಿಗಳು ಇನ್ನೊಂದು ಲೆಕ್ಕದವು. ಒಬ್ಬ ಬಸ್‌ಸ್ಟ್ಯಾಂಡಿನಿಂದ ಹೆಜ್ಜೆ ಎಣಿಸಿದ, ಇನ್ನೊಬ್ಬ ಪೇಟೆಯಿಂದ ಎಣಿಸಿದ ಎಂದುಕೊಳ್ಳಿ. ಹಳೆಯ ಅಂಕಿಯನ್ನು ಹೊಸ ಲೆಕ್ಕಕ್ಕೆ ತಿರುಗಿಸಿ ಮೆಷಿನಿಗೆ ಕೊಡಬೇಕು. ತಿರುಗಿಸದೆ ಕೊಟ್ಟರೂ ಮೆಷಿನು ಬೇಡ ಎನ್ನುವುದಿಲ್ಲ. ಸುಮ್ಮನೆ ತಪ್ಪು ಜಾಗ ತೋರಿಸುತ್ತದೆ. ಹಮೂದನ ಕ್ರೂಕಿ ಹಳೆಯ ಲೆಕ್ಕದ್ದು. ಚಲುವರಾಜು ಅದನ್ನು ಹಾಗೇ ನಕಲು ಮಾಡಿ ಮೆಷಿನಿಗೆ ತುಂಬಿಸಿದ. ಎಂಜಿನಿಯರಿಂಗ್ ಓದಿದ ದೊಡ್ಡ ಮನುಷ್ಯ!

ಕೊಗ್ಗನಿಗೆ ಆಗ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ. ಕಣ್ಣು ಮಾತ್ರ ಇತ್ತು. ಮೆಷಿನು ತೋರಿಸಿದ ಜಾಗಕ್ಕಿಂತ ತುಂಬ ಮೇಲೆ, ಕಲ್ಲಿನ ಇಳಿಜಾರಿನಲ್ಲಿ, ತುದಿಗೆ ಕೆಂಪು ಬಣ್ಣ ಬಳಿದ ಒಂದು ಕಬ್ಬಿಣದ ಸಲಾಕೆ ಅವನಿಗೆ ಕಂಡಿತು. ಅಂಥದ್ದನ್ನು ಸರ್ಕಾರದವರು ಸುಮ್ಮನೆ ನೆಡುವುದಿಲ್ಲ. ಕಾರಿನ ಹತ್ತಿರ ಹೋಗಿ, ಸಾರ್, ಮೇಲೆ ಒಂದು ಸಲಾಕೆ ಉಂಟು, ಒಮ್ಮೆ ನೋಡುವನಾ ಎಂದು ಕೇಳಿದ. ಚಲುವರಾಜು ಕಿಟಕಿಯ ಗಾಜನ್ನು ಒಂದು ಗೇಣು ಇಳಿಸಿದ.

"ಡೋಲು ಬಡಿಯೋರೆಲ್ಲ ನಂಗೆ ಸರ್ವೆ ಹೇಳ್ಕೊಡೋಕ್ ಬಂದ್ರು. ಮೆಷಿನ್ ತೋರ್ಸಿದ ಕಡೆ ಹೊಡಿಯೋ, ಮುಚ್ಕೊಂಡು."

ಗಾಜು ಮೇಲೆ ಹೋಯಿತು. ಕೊಗ್ಗನ ಜಾತಿ ಯಾವುದೆಂದು ಆಫೀಸಿನಲ್ಲಿ ಅವನು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದ. ಲೆಕ್ಕ ತಿರುಗಿಸುವುದನ್ನು ವಿಚಾರಿಸಲು ಪುರುಸೊತ್ತಿರಲಿಲ್ಲ, ಇದಕ್ಕೆ ಇತ್ತು. ಕೊಗ್ಗ ಗೂಟ ಹೊಡೆದ. ನಾಲ್ಕು ಮೂಲೆಗೆ ನಾಲ್ಕು. ಕಾಗದದ ಮೇಲೆ ಚಲುವರಾಜುವಿನ ಸಹಿ ಬಿತ್ತು.

ಆ ದಿನ ಹಮೂದ್ ಮುದುಕನೂ ಬಂದಿದ್ದ. ಕೊಗ್ಗನಿಗೆ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. ಮುದುಕ ಕಲ್ಲುಗಳನ್ನು ನೋಡಿ, ಇಲ್ಲಿ ಏನಾದರೂ ಬೆಳೆದೀತಾ ಎಂದು ಕೇಳಿದ. ಕೊಗ್ಗ ಕೂತು ಕಲ್ಲು ಸರಿಸಿ ಕೈಯಿಂದ ಅಗೆದ. ಒಂದು ಗೇಣು ಕೆಳಗೆ ಮೆತ್ತನೆಯ ಮಣ್ಣಿತ್ತು. ಶುಕ್ರವಾರ ಶುಕ್ರವಾರ ಬಂದು ನಾನು ನೋಡುತ್ತೇನೆ ಎಂದ. ತನ್ನ ಹಳೆಯ ಖರ್ಜೂರದ ತೋಟದ ಬಾವಿಯಿಂದ ಪೈಪ್ ಎಳೆದುಕೋ ಎಂದ ಮುದುಕ. ಒಪ್ಪಂದ ಅಷ್ಟೇ. ಕಾಗದವಿಲ್ಲ, ಸಾಕ್ಷಿಯಿಲ್ಲ. ಬದುಕಿರುವ ತನಕ ಮುದುಕ ಆ ಮಾತಿಗೆ ತಪ್ಪಲಿಲ್ಲ.

ಮೊದಲ ಎರಡು ವರ್ಷ ಕೊಗ್ಗ ಕಲ್ಲು ಹೊತ್ತ, ಅಷ್ಟೇ. ವಾರವಿಡೀ ಕಂಪನಿಗೆ ಟ್ರೈಪಾಡ್, ರಜೆಯ ದಿನ ತನಗೆ ಕಲ್ಲು. ಉಗುರು ಕಿತ್ತು ಬಂತು. ಸೊಂಟ ಹಿಡಿಯಿತು. ಹೊತ್ತ ಕಲ್ಲನ್ನೇ ಸುತ್ತ ಕಟ್ಟೆ ಮಾಡಿದ. ಇಳಿಜಾರಿನಲ್ಲಿ ಆಡು ಮೇಯಿಸುವ ಝುವೈನಾ ಎಂಬ ಮುದುಕಿಯಿಂದ ಆಡಿನ ಗೊಬ್ಬರ ಕೇಳಿ ತಂದು ಹಾಸಿದ. ಮೂರನೇ ವರ್ಷ ಬಾಳೆಯ ಕಂದು ನೆಟ್ಟ. ಬಿಸಿಲಿಗೆ ಕರಕಲಾಯಿತು. ಮತ್ತೆ ನೆಟ್ಟ. ಮತ್ತೆ ಕರಕಲಾಯಿತು. ಮೂರನೇ ಸಲ ಬದುಕಿತು. ಎಲೆ ಬಿಚ್ಚಿದ ದಿನ ಕೊಗ್ಗ ಅದರ ಪಕ್ಕ ಕೂತು ಅತ್ತ. ನೆಲ ತನ್ನ ಮಾತು ಕೇಳಿದ್ದು ಅವನ ವಂಶದಲ್ಲೇ ಮೊದಲು.

ಆಮೇಲೆ ಹೆಂಡತಿ ಮೋಹಿನಿ ಬಂದಳು. ಹೆಲ್ಪರಿಗೆ ಹೆಂಡತಿಯನ್ನು ಕರೆಸುವ ಹಕ್ಕಿಲ್ಲ, ಹಮೂದನೇ ತನ್ನ ಮನೆಗೆಲಸದ ವೀಸಾದಲ್ಲಿ ಕರೆಸಿದ. ಕಟ್ಟೆಯ ಮೂಲೆಯಲ್ಲಿ ಇಬ್ಬರೂ ಸಿಮೆಂಟು ಕಲ್ಲಿನ ಒಂದು ಕೋಣೆ ಎಬ್ಬಿಸಿದರು. ಕೊಗ್ಗ ಕಂಪನಿಯ ಕ್ಯಾಂಪಿಗೆ ಸಲಾಂ ಹೊಡೆದು ಇಲ್ಲೇ ಉಳಿದ. ಬಸಳೆ, ಅಲಸಂಡೆ, ಹರಿವೆ, ನುಗ್ಗೆ, ಕರಿಬೇವು, ನಲವತ್ತು ಬುಡ ಬಾಳೆ. ಮೋಹಿನಿಗೆ ಹಗಲಿಡೀ ಒಂದೇ ಜಗಳ, ಝುವೈನಾಳ ಆಡುಗಳದ್ದು. ಬೇಲಿಯ ತಂತಿಯಲ್ಲಿ ಒಂದು ಕಿಂಡಿ ಸಿಕ್ಕರೆ ಸಾಕು, ತಲೆ ತೂರಿಸುತ್ತಿದ್ದವು. ಮೋಹಿನಿ ಕೋಲು ಹಿಡಿದು ತುಳುವಿನಲ್ಲಿ ಬಯ್ಯುತ್ತಿದ್ದಳು, ಮುದುಕಿ ಅರಬ್ಬಿಯಲ್ಲಿ ಬಯ್ಯುತ್ತಿದ್ದಳು. ಆಮೇಲೆ ಇಬ್ಬರೂ ಕೂತು ಮುದುಕಿಯ ಅರಬ್ಬಿ ಕಾಫಿ, ಕಾವಾ, ಕುಡಿಯುತ್ತಿದ್ದರು.

ಸೌದಿ ಗಡಿಯ ಆ ರಸ್ತೆಯ ಕೆಲಸದಲ್ಲಿದ್ದಾಗ ಕೊಗ್ಗ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಕಲಿತ. ಕಲಿತವನಿಗೆ ಆ ಕೆಂಪು ತಲೆಯ ಸಲಾಕೆ ನೆನಪಾಯಿತು. ಒಂದು ಶುಕ್ರವಾರ ಹಮೂದನ ಕ್ರೂಕಿಯನ್ನು ಸರಿಯಾಗಿ ತಿರುಗಿಸಿ ಅಳೆದ. ಹಮೂದನ ಜಾಗ ತೋಟದಿಂದ ಇನ್ನೂರ ನಲವತ್ತು ಮೀಟರ್ ಮೇಲೆ, ಆ ಸಲಾಕೆಯ ಹತ್ತಿರ, ಬರೀ ಬಂಡೆಯ ಮೇಲೆ ಇತ್ತು. ಹಾಗಾದರೆ ಈ ತೋಟ? ಇದು ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರದ ಬಯಲು. ಚಲುವರಾಜುವಿನ ತಪ್ಪಿನ ಮೇಲೆ ಕೊಗ್ಗನ ಬಾಳೆ ಗೊನೆ ಹಾಕಿತ್ತು.

ಮೋಹಿನಿಗೆ ಹೇಳಿದ. ಹಮೂದನಿಗೂ ಹೇಳಿದ, ಮುಚ್ಚಿಡಲು ಮನಸ್ಸು ಬರಲಿಲ್ಲ. ಮುದುಕ ಬಸಳೆಯ ಚಪ್ಪರ ನೋಡಿದ, ಬಂಡೆಯ ಕಡೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಖಲಾಸ್, ಯಾರಿಗೂ ಹೇಳಬೇಡ, ನೀರು ಬಿಡು ಎಂದ. ಎಂಟು ವರ್ಷ ಅದು ಮೂವರ ಗುಟ್ಟಾಗಿ ಉಳಿಯಿತು.

ನಮ್ಮ ಕೂಟದವರಿಗೆ ಈ ತೋಟದ ವಾಸನೆ ಬಡಿದದ್ದು ಕೊರೋನಾದ ವರ್ಷ. ಊರಿಂದ ವಿಮಾನ ನಿಂತಿತ್ತು, ಚೌತಿಗೆ ಬಾಳೆಎಲೆ ಇಲ್ಲ. ಅಲ್ ಮವಾಲೇಹ್ ಮಾರುಕಟ್ಟೆಯಲ್ಲಿ ಸಿಗದ ಬಸಳೆ ಕೊಗ್ಗನ ಹತ್ತಿರ ಇದೆ ಎಂದು ಯಾರೋ ಹೇಳಿದರು. ಅಷ್ಟೇ. ಶುಕ್ರವಾರ ಬಂತೆಂದರೆ ಕಾರುಗಳ ಸಾಲು. ಎಲೆ ಕೊಯ್ದರು, ಸೊಪ್ಪು ಕಿತ್ತರು, ಬಾಳೆ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಆಹಾ, ಎಂಥ ಮಣ್ಣಿನ ವಾಸನೆ ಎಂದು ಮೂಗು ಅರಳಿಸಿದರು. ಆ ಮಣ್ಣಿಗೆ ಆಡಿನ ಹಿಕ್ಕೆ ಹೊತ್ತು ಹಾಕಿದವಳು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು, ಅವಳ ಹೆಸರು ಯಾರೂ ಕೇಳಲಿಲ್ಲ. ಮೋಹಿನಿ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದಳು. ಎಲ್ಲರೂ ಕುಡಿಯುತ್ತಿದ್ದರು.

ಕಳೆದ ವರ್ಷ ಚಲುವರಾಜುವಿನ ಹೆಂಡತಿ ಲಲಿತಮ್ಮನಿಗೆ ಉಡುಪಿ ಕಡೆಯ ಗೆಳತಿಯೊಬ್ಬಳು ಕಿವಿಯಲ್ಲಿ ಏನೋ ಊದಿದಳು. ಮುಂದಿನ ಶುಕ್ರವಾರ ಲಲಿತಮ್ಮ ಕಾರಿನಿಂದ ಇಳಿದದ್ದೇ ನೀರಿನ ಕ್ಯಾನಿನ ಜೊತೆ. ಮಜ್ಜಿಗೆ ಬೇಡ, ಶೀತ ಎಂದರು. ಬಂದ ಹದಿನಾಲ್ಕು ಜನರಿಗೂ ಒಂದೇ ದಿನ ಶೀತ! ಒಮಾನಿನ ಆಗಸ್ಟ್ ತಿಂಗಳಲ್ಲಿ! ಮೋಹಿನಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಬಾಳೆಎಲೆ, ಬಸಳೆ ಮಾತ್ರ ಎಂದಿನಂತೆ ಚೀಲ ಚೀಲ ಕಾರಿಗೆ ಹೋಯಿತು. ಎಲೆಯನ್ನು ತೊಳೆದುಕೊಳ್ಳಬಹುದು, ಮಜ್ಜಿಗೆ ತೊಳೆಯಲು ಬರುವುದಿಲ್ಲವಲ್ಲ. ಎಲ್ಲ ಮೊದಲೇ ಗೊತ್ತಿದ್ದ ಚಲುವರಾಜು ಇಷ್ಟು ವರ್ಷ ಯಾಕೆ ಸುಮ್ಮನಿದ್ದ ಎಂದರೆ, ಅವನಿಗೆ ಬಸಳೆ ಇಷ್ಟ.

ಅದೇ ವರ್ಷ ಹಮೂದ್ ಸತ್ತ. ಜಾಗ ಮಗ ಸಾಲಿಮನಿಗೆ ಬಂತು. ಮೋಹಿನಿಯ ವೀಸಾ, ಬಾವಿಯ ನೀರು ಎರಡೂ ಈಗ ಅವನ ಕೈಯಲ್ಲಿ. ಸಾಲಿಮ್ ಮಸ್ಕತ್ತಿನಲ್ಲಿ ಸರ್ಕಾರಿ ನೌಕರ, ಒಳ್ಳೆಯವನೇ. ಅಪ್ಪನ ಕಲ್ಲುಬಯಲಿನ ಉಸಾಬರಿ ಅವನಿಗೆ ಬೇಕಿರಲಿಲ್ಲ. ಚಲುವರಾಜು ಅದನ್ನೇ ಕಾಯುತ್ತಿದ್ದ. ಇಪ್ಪತ್ತೈದು ವರ್ಷದ ಲೀಸಿಗೆ ಮಾತಾಡಿ ಮುಗಿಸಿದ. ತೋಟದಲ್ಲಿ ಗುಡಿಸಲು ಮಾದರಿಯ ಎಸಿ ಕೋಣೆ ಕಟ್ಟುವುದು, ವಾರದ ಕೊನೆಗೆ ಕನ್ನಡದ ಕುಟುಂಬಗಳು ಬಂದು ಹಳ್ಳಿಯ ಜೀವನ ಸವಿಯುವುದು. ಹೆಸರು 'ನಮ್ಮೂರು'. ಲೀಸಿಗೆ ಹೊಸ ಕ್ರೂಕಿ ಬೇಕು, ಅದಕ್ಕೆ ಹೊಸದಾಗಿ ಅಳೆದು ಮೂಲೆಗೆ ಗೂಟ ಹೊಡೆಯಬೇಕು. ಹೊಡೆಯುವವನು ಯಾರು? ಕೊಗ್ಗನೇ.

ಚಲುವರಾಜು ಅವನನ್ನು ಅಲ್ ಖುವೈರಿನ ಆಫೀಸಿಗೆ ಕರೆಸಿದ. ಕೂರಲು ಹೇಳಲಿಲ್ಲ.

"ನೀನೇನೂ ಹೆದರ್ಕೋಬೇಡ ಕಣೋ. ನೀನೂ ನಿನ್ ಹೆಂಡ್ತೀನೂ ಅಲ್ಲೇ ಇರಿ. ಗಿಡ ನೋಡ್ಕೊಳ್ಳೋಕೆ ಜನ ಬೇಕಲ್ಲ. ಅಡುಗೆಗೆ ಮಾತ್ರ ಬೇರೆಯೋರ್ನ ಇಡ್ತೀವಿ, ತಪ್ಪು ತಿಳ್ಕೋಬೇಡ."

ಆಮೇಲೆ ಇನ್ನೊಂದು ಹೇಳಿದ. ಭೂಮಿಪೂಜೆಯ ದಿನ ಕೊಗ್ಗ ಡೋಲು ಬಡಿಯಬೇಕಂತೆ. ಊರಿಂದ ಡೋಲು ತರಿಸಿದ್ದಾನಂತೆ. ಜನಪದ ಕಲೆ ಉಳಿಯಬೇಕಲ್ಲ, ನಿಮ್ಮಂಥವರಿಗೆ ವೇದಿಕೆ ಕೊಡಬೇಕಲ್ಲ ಎಂದ. ಮುಖದಲ್ಲಿ ದಾನ ಮಾಡಿದವನ ಕಳೆ ಬೇರೆ. ಹದಿನಾರು ವರ್ಷದ ಅಭ್ಯಾಸ, ಕೊಗ್ಗ ತಲೆಯಾಡಿಸಿ ಬಂದ.

ಮಾರನೇ ದಿನ ಬೆಳಿಗ್ಗೆ ಮೋಹಿನಿ ಬಸಳೆಗೆ ನೀರು ಬಿಡುತ್ತಿದ್ದಳು. ಕೊಗ್ಗ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ದಾರಿ ಎರಡೇ ಇದ್ದವು. ಸುಮ್ಮನೆ ತೋಟದ ಸುತ್ತ ಗೂಟ ಹೊಡೆದುಕೊಟ್ಟರೆ ಇಲ್ಲೇ ಇರಬಹುದು, ತಮ್ಮದೇ ತೋಟದಲ್ಲಿ ಆಳುಗಳಾಗಿ. ನಿಜವಾದ ಜಾಗ ತೋರಿಸಿದರೆ ಚಲುವರಾಜುವಿಗೆ ಬಂಡೆ ಸಿಗುತ್ತದೆ, ಆದರೆ ತೋಟ ಸರ್ಕಾರದ ಬಯಲಿನಲ್ಲಿದೆ ಎಂಬುದು ಹೊರಗೆ ಬೀಳುತ್ತದೆ. ಆಮೇಲೆ ಜೆಸಿಬಿ ಬರುತ್ತದೆ. ಹದಿನಾಲ್ಕು ವರ್ಷ ಒಂದೇ ಮಧ್ಯಾಹ್ನಕ್ಕೆ ಮಟ್ಟವಾಗುತ್ತದೆ.

ಮೋಹಿನಿ ಪೈಪನ್ನು ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಹಾಕಿದಳು. ಬೇಲಿಯಾಚೆ ಝುವೈನಾಳ ಆಡೊಂದು ತಂತಿಗೆ ಮೂಗು ಒತ್ತಿ ನಿಂತಿತ್ತು. ಇವತ್ತು ಅವಳು ಕೋಲು ಎತ್ತಲಿಲ್ಲ.

"ನನ್ನ ಕೈಯ ಮಜ್ಜಿಗೆ ಅವರಿಗೆ ಆಗುವುದಿಲ್ಲ. ನನ್ನ ಕೈಯ ತೋಟ ಆಗ್ತದಾ? ಅವರಿಗೆ ಕೊಡುವುದಕ್ಕಿಂತ ಆಡು ತಿನ್ನಲಿ," ಎಂದಳು.

ಕೊಗ್ಗ ಆಳಾಗಿ ಇರುವುದನ್ನೂ ಒಂದು ಗಳಿಗೆ ಯೋಚಿಸಿದ್ದ. ಸುಳ್ಳು ಯಾಕೆ ಹೇಳಬೇಕು? ಬಾಳೆಯ ಮುಖ ನೋಡಿಕೊಂಡು ಇರಬಹುದಲ್ಲ ಎಂದು ಅವನ ಹೊಟ್ಟೆ ಹೇಳಿತ್ತು. ಹೆಂಡತಿಯ ಮಾತು ಕೇಳಿ ಅವನಿಗೆ ನಾಚಿಕೆಯಾಯಿತು. ಅಪ್ಪನೂ ಹೀಗೇ ಯೋಚಿಸಿ ಡೋಲು ಹೆಗಲಿಗೆ ಹಾಕಿಕೊಂಡಿರಬೇಕು ಎನಿಸಿತು.

ಚೌತಿಗೆ ಮೊದಲಿನ ಶುಕ್ರವಾರ ಭೂಮಿಪೂಜೆ. ಬೆಳಿಗ್ಗೆ ಏಳಕ್ಕೆಲ್ಲ ಹನ್ನೊಂದು ಕಾರು ಬಂದವು. 'ನಮ್ಮೂರು, ಬೇರಿನ ಕಡೆಗೆ' ಎಂಬ ಬ್ಯಾನರನ್ನು ಕೊಗ್ಗನ ನುಗ್ಗೆ ಮರಕ್ಕೇ ಮೊಳೆ ಹೊಡೆದು ಕಟ್ಟಿದರು. ಬ್ಯಾಂಕಿನ ನೌಕರನೊಬ್ಬ ಪಂಚೆ ಉಟ್ಟು ಪುರೋಹಿತನಾಗಿದ್ದ. ಹೆಂಗಸರು ರೇಷ್ಮೆ ಸೀರೆಯಲ್ಲಿ ಬೆವರುತ್ತ ಮಣ್ಣಿನ ವಾಸನೆ ಹುಡುಕುತ್ತಿದ್ದರು. ನೀರಿನ ಕ್ಯಾನು ಮಾತ್ರ ಮರೆಯದೆ ತಂದಿದ್ದರು. ಸಾಲಿಮ್ ದಿಶ್‌ದಾಶ ಎಂಬ ಬಿಳಿ ನಿಲುವಂಗಿಯಲ್ಲಿ, ಅಪ್ಪನ ಹಳೆಯ ಕ್ರೂಕಿ ಕೈಯಲ್ಲಿ ಹಿಡಿದು ನಿಂತಿದ್ದ. ಕಂಪನಿಯ ಪಿಕಪ್ಪಿನಲ್ಲಿ ಮೆಷಿನು ತಂದ ಡ್ರೈವರ್ ಶಹೀದ್, ಬಂಟ್ವಾಳದ ಬ್ಯಾರಿ, ಕೊಗ್ಗನ ಮುಖ ನೋಡಿ, ಎಂತ ಕೊಗ್ಗಣ್ಣ, ಉಷಾರಿಲ್ಲವಾ ಎಂದು ಕೇಳಿದ. ಇವತ್ತು ಬಹಳ ಉಷಾರಿದ್ದೇನೆ ಎಂದ ಕೊಗ್ಗ.

ಚಲುವರಾಜು ಕಾರಿನ ಡಿಕ್ಕಿಯಿಂದ ಡೋಲು ತೆಗೆಸಿದ. ಎಲ್ಲರ ಮುಂದೆ ಅದರ ಹಗ್ಗವನ್ನು ತಾನೇ ಕೊಗ್ಗನ ಹೆಗಲಿಗೆ ಹಾಕಿದ. ಹಗ್ಗ ಸರಿಯಾಗಿ ಎಡ ಭುಜದ ತಗ್ಗಿಗೇ ಹೋಗಿ ಕೂತಿತು. ಅದಕ್ಕೆಂದೇ ಮಾಡಿಟ್ಟ ಜಾಗ ಎಂಬಂತೆ ಕೂತಿತು. ಫೋನುಗಳು ಮೇಲೆದ್ದವು. ಯಾರೋ ಹೆಂಗಸು, ಸ್ವಲ್ಪ ನಗಲಿ ಅಂತ ಹೇಳ್ರೀ ಎಂದಳು.

ಕೊಗ್ಗ ಹಗ್ಗ ತೆಗೆದ. ಡೋಲನ್ನು ನೆಲಕ್ಕಿಟ್ಟ. ಪಿಕಪ್ಪಿನಿಂದ ಟ್ರೈಪಾಡ್ ಎಳೆದು ಅದೇ ಭುಜದ ಮೇಲೆ ಹೊತ್ತು ಇಳಿಜಾರು ಹತ್ತತೊಡಗಿದ. ಮೊದಲು ಅಳತೆ ಇರಬೇಕು ಎಂದು ಜನ ಅಂದುಕೊಂಡರು. ಅವನು ತೋಟದ ಬಾಗಿಲು ದಾಟಿದ, ಬೇಲಿ ದಾಟಿದ, ಹತ್ತುತ್ತಲೇ ಹೋದ. ಶಹೀದ್ ಮೆಷಿನಿನ ಪೆಟ್ಟಿಗೆ, ಸುತ್ತಿಗೆ, ಗೂಟ ಹೊತ್ತು ಹಿಂದೆಯೇ ಹೋದ. ಮೇಲೆ ಬಂಡೆಯ ನಡುವೆ ಕೊಗ್ಗ ಮೆಷಿನು ನಿಲ್ಲಿಸಿದ, ನೋಡಿದ, ಎರಡು ಹೆಜ್ಜೆ ಎಡಕ್ಕೆ ಸರಿದು ಕೋಲು ಊರಿದ. ಕೋಲಿನ ತುದಿ ಬಿದ್ದದ್ದು ತುಕ್ಕು ಹಿಡಿದ ಆ ಕಬ್ಬಿಣದ ಸಲಾಕೆಯ ಪಕ್ಕದಲ್ಲಿ, ನಾಲ್ಕು ಬೆರಳು ಅಂತರದಲ್ಲಿ. ತುದಿಯಲ್ಲಿ ಚೂರು ಕೆಂಪು ಇನ್ನೂ ಉಳಿದಿತ್ತು. ಅಲ್ಲೇ ಮೊದಲ ಗೂಟ ಹೊಡೆದ. ಸುತ್ತಿಗೆಯ ಸದ್ದು ಕೆಳಗಿನ ತನಕ ಕೇಳಿತು.

ಚಲುವರಾಜು ಹೊಸ ಪಂಚೆ ಎತ್ತಿ ಹಿಡಿದು, ಜಾರುವ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ಹತ್ತಿಬಂದ. ಬದುಕಿನಲ್ಲಿ ಮೊದಲ ಸಲ ಸರ್ವೆಯ ಜಾಗಕ್ಕೆ ಕಾಲ್ನಡಿಗೆಯಲ್ಲಿ ಬಂದಿದ್ದ ಎಂದು ಕಾಣುತ್ತದೆ. ಸಾಲಿಮನೂ ಹಿಂದೆ ಬಂದ.

"ಏನೋ ಇದು? ಇಲ್ಯಾಕ್ ಹೊಡೀತಿದ್ದೀಯ?"

"ನಿಮ್ಮ ಜಾಗ ಇದೇ. ಕ್ರೂಕಿಯಲ್ಲಿ ಇರುವುದು ಇದು."

ಕೊಗ್ಗ ಚೀಲದಿಂದ ಹದಿನಾಲ್ಕು ವರ್ಷದ ಹಿಂದೆ ಗೂಟ ಹೊಡೆದಾಗಿನ ಅಳತೆಯ ಹಾಳೆ ತೆಗೆದ. ಹಳೆಯ ಅಂಕಿ ಯಾವುದು, ತಿರುಗಿಸದೆ ಮೆಷಿನಿಗೆ ತುಂಬಿಸಿದವರು ಯಾರು, ಕೆಳಗೆ ಸಹಿ ಯಾರದ್ದು ಎಂದು ಬೆರಳಿಟ್ಟು ತೋರಿಸಿದ. ಚಲುವರಾಜು ತನ್ನದೇ ಸಹಿಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. ಆಮೇಲೆ ದನಿ ತಗ್ಗಿಸಿ ಕನ್ನಡದಲ್ಲಿ, ಸಾಲಿಮನಿಗೆ ತಿಳಿಯದ ಹಾಗೆ, ಅಡ್ಜಸ್ಟ್ ಮಾಡು ಎಂದ. ಅಂಕಿ ತೋಟಕ್ಕೆ ಸರಿಹೊಂದಿಸು, ಮೇಲೆ ಆಗಬೇಕಾದ್ದು ತಾನು ನೋಡಿಕೊಳ್ಳುತ್ತೇನೆ ಎಂದ. ಸರ್ವೇಯರ್ ವೀಸಾ ಕೊಡಿಸುತ್ತೇನೆ, ಮೋಹಿನಿಗೂ ಕೊಡಿಸುತ್ತೇನೆ ಎಂದ. ಹದಿನಾರು ವರ್ಷ ಕೊಡದಿದ್ದದ್ದು ಹದಿನಾರು ಸೆಕೆಂಡಿನಲ್ಲಿ ಬಾಯಿಂದ ಉದುರಿತು. ಆಗದಿದ್ದರೆ ನಾಳೆಯೇ ಕ್ಯಾನ್ಸಲ್, ವಿಮಾನ ಹತ್ತಿಸುತ್ತೇನೆ ಎಂದ.

ಕೊಗ್ಗ ಎರಡನೇ ಗೂಟ ಕೈಗೆತ್ತಿಕೊಂಡ.

"ಅವತ್ತು ನೀವು ಹೇಳಿದ ಕಡೆ ಹೊಡೆದೆ. ಇವತ್ತು ಹೊಡೆಯುವುದಿಲ್ಲ, ಚಲುವರಾಜು ಅವರೇ. ಡೋಲೂ ಬಡಿಯುವುದಿಲ್ಲ."

ಹದಿನಾರು ವರ್ಷದಲ್ಲಿ ಸಾರ್ ಬಿಟ್ಟು ಹೆಸರು ಹಿಡಿದದ್ದು ಅದೇ ಮೊದಲು. ಬೈದಿದ್ದರೆ ಚಲುವರಾಜುವಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಬಾಯಿಗೆ ಬಂದದ್ದೆಲ್ಲ ಬಂತು, ಜಾತಿಯೂ ಬಂತು. ಶಹೀದ್ ಹಲ್ಲು ಕಚ್ಚಿ ಒಂದು ಹೆಜ್ಜೆ ಮುಂದಿಟ್ಟ. ಕೊಗ್ಗ ಅವನನ್ನು ತಡೆದು ಗೂಟ ಹಿಡಿಯಲು ಹೇಳಿದ, ಕೆಲಸ ಇನ್ನೂ ಮೂರು ಮೂಲೆ ಬಾಕಿ ಇತ್ತು.

ಸಾಲಿಮ್ ಸಲಾಕೆಯನ್ನು ಮುಟ್ಟಿ ನೋಡಿದ, ಕಾಗದ ನೋಡಿದ. ಹಾಗಾದರೆ ಕೆಳಗಿನ ತೋಟ ಯಾರದ್ದು ಎಂದು ಅರಬ್ಬಿಯಲ್ಲಿ ಕೇಳಿದ. ಸರ್ಕಾರದ್ದು ಎಂದ ಕೊಗ್ಗ. ತಾನು ಸರ್ಕಾರಿ ನೌಕರ, ಗೊತ್ತಾದ ಮೇಲೆ ಹೇಳದಿರಲು ಆಗುವುದಿಲ್ಲ ಎಂದ ಸಾಲಿಮ್. ಗೊತ್ತು ಎಂದ ಕೊಗ್ಗ. ಲೀಸು ಖಲಾಸ್ ಎಂದು ಚಲುವರಾಜುವಿಗೆ ಹೇಳಿ ಸಾಲಿಮ್ ಕೆಳಗಿಳಿದು ಹೋದ. ಹೋಗುವಾಗ ಕೊಗ್ಗನ ಕೈ ಕುಲುಕಿದ.

ನಾಲ್ಕೂ ಗೂಟ ಹೊಡೆದು ಕೊಗ್ಗ ಕೆಳಗೆ ಬಂದಾಗ ಮೋಹಿನಿ ತೋಟದ ಬಾಗಿಲಲ್ಲಿ ನಿಂತಿದ್ದಳು. ಬೇಲಿಯಾಚೆ ಝುವೈನಾ, ಅವಳ ಹಿಂದೆ ಅರುವತ್ತು ಆಡು. ಮೋಹಿನಿ ಬೆಳಿಗ್ಗೆಯೇ ಹೇಳಿಟ್ಟಿದ್ದಳು. ಮುದುಕಿ ಒಪ್ಪಿರಲಿಲ್ಲ, ಹುಚ್ಚು ಹಿಡಿಯಿತಾ ನಿನಗೆ ಎಂದು ಬೈದಿದ್ದಳಂತೆ. ಈಗ ಅವಳ ಕಣ್ಣೂ ಒದ್ದೆಯಾಗಿತ್ತು.

ಮೋಹಿನಿ ಗಂಡನ ಮುಖ ನೋಡಿದಳು. ಕೊಗ್ಗ ತಲೆಯಾಡಿಸಿದ. ಅವಳೇ ಬಾಗಿಲಿನ ತಂತಿ ಬಿಚ್ಚಿದಳು.

ಒಂಬತ್ತು ವರ್ಷ ಬೇಲಿಗೆ ಮೂಗು ಒತ್ತಿ ಕಾದ ಆಡುಗಳು ಒಮ್ಮೆಲೇ ನುಗ್ಗಿದವು. ಬಸಳೆ ಚಪ್ಪರ ಮೊದಲು ಬಿತ್ತು. ಹರಿವೆ ಕಾಣೆಯಾಯಿತು. ಹಿಂಗಾಲಿನ ಮೇಲೆ ನಿಂತು ಬಾಳೆಎ‌ಲೆ ಎಳೆದವು. ಪೂಜೆಯ ಹೂವು, ಅಡಿಕೆ, ಪುರೋಹಿತನ ದರ್ಭೆ ಯಾವುದನ್ನೂ ಬಿಡಲಿಲ್ಲ. ಬ್ಯಾನರಿನ ಒಂದು ಮೂಲೆಯನ್ನೂ ಒಂದು ಆಡು ಅಗಿದು ನೋಡಿ ಉಗಿಯಿತು. ರೇಷ್ಮೆ ಸೀರೆಗಳು ಕಾರಿನ ಕಡೆ ಓಡಿದವು. ಮಣ್ಣಿನ ವಾಸನೆ ಅವತ್ತಿಗೆ ಅವರಿಗೆ ಸಾಕಾಗಿತ್ತು.

ಕೊಗ್ಗ ಕಟ್ಟೆಯ ಮೇಲೆ ಕೂತ. ತಾನೇ ಹೊತ್ತ ಕಲ್ಲಿನ ಮೇಲೆ ಕೂತು, ಮೂರನೇ ಸಲಕ್ಕೆ ಬದುಕಿದ ಆ ಬಾಳೆಯ ಬುಡ ಉರುಳುವುದನ್ನು ಕಣ್ಣು ಮುಚ್ಚದೆ ನೋಡಿದ. ಎದ್ದು ಓಡಿಸಲಿಲ್ಲ.

ಲಲಿತಮ್ಮ ಕಾರಿನ ಹತ್ತಿರ ಹೋದವರು ತಿರುಗಿ ಬಂದರು. ಗಂಡನಿಗೆ ಆದದ್ದು ಗಂಡನಿಗೆ, ಅವರ ಚಿಂತೆ ಬೇರೆಯೇ ಇತ್ತು. ನಾಳೆ ಚೌತಿ, ಮನೆಯಲ್ಲಿ ಇಪ್ಪತ್ತು ಜನ ಊಟಕ್ಕೆ. ಇಷ್ಟೆಲ್ಲ ಹಾಳು ಮಾಡುತ್ತಿದ್ದೀರಿ, ನಾಲ್ಕು ಎಲೆಯನ್ನಾದರೂ ಕೊಯ್ದು ಕೊಡಬಾರದಾ ಎಂದು ಮೋಹಿನಿಯನ್ನು ಕೇಳಿದರು.

ಮೋಹಿನಿ ಬಗ್ಗಿ ಆಡಿನ ಕಾಲಡಿಯಿಂದ ಒಂದು ಬಾಳೆಎಲೆ ಎತ್ತಿದಳು. ಮಣ್ಣು ಕೊಡವಿದಳು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಆಡು ತಿಂದು ಬಿಟ್ಟದ್ದು ಉಂಟು. ಬೇಕಾದರೆ ತಕ್ಕೊಂಡು ಹೋಗಿ."

ಎಲೆಯ ಅಂಚಿನಲ್ಲಿ ಹಲ್ಲಿನ ಗುರುತು ಹಾಗೇ ಇತ್ತು.